ಇಂಜಿನ್ನಿನ ಎಂಜಲು

"ನಿಮ್ಮಪ್ಪ ಜ್ವರಾ ಬಂದು ಸತ್ತಾನಂತ ಇಷ್ಟ ದಿನಾ ಹೇಳೇನಲ್ಲ, ಅದು ಸುಳ್ಳು. ಅವನ ಬಾಯಾಗ ಡೀಸೆಲ್ ಇತ್ತು, ನಾ ನಗಿಸಿದೆ. ಅಷ್ಟ ಆಗಿದ್ದು. ಇದ ಅಂಗಳದಾಗ ಕುಂತಿದ್ದ. ಬ್ಯಾರಲ್ ಒಳಗಿನ ಡೀಸೆಲ್ ಕ್ಯಾನಿಗೆ ಇಳಸಾಕತ್ತಿದ್ದ. ಪೈಪಿನ ಒಂದ ತುದಿ ಬ್ಯಾರಲ್‌ದಾಗ, ಇನ್ನೊಂದ ತುದಿ ಬಾಯಾಗ. ದಿನಾ ಮಾಡೂ ಕೆಲಸನ ಅದು. ಜಗ್ಗಾಂವ, ಬಾಯಿಗೆ ಬಂದದ್ದ ಉಗುಳಾಂವ, ಪೈಪ ಕ್ಯಾನಿಗೆ ಬಿಡಾಂವ. ಹದಿನೈದ ವರ್ಷ ಹಂಗ ಮಾಡ್ಯಾನ. ನಾ ಒಲಿ ಮುಂದ ರೊಟ್ಟಿ ಬಡ್ಯಾಕತ್ತಿದ್ದೆ. ಅವನ ಗಲ್ಲ ಉಬ್ಬಿದ್ದ ನೋಡಿ ನನಗ ನಗು ತಡೀಲಿಲ್ಲ. 'ಯಾವ ಊರ ಲಗ್ನಕ್ಕ ಹೊಂಟಿ ಮಾವಾ, ಶಹನಾಯಿ ಊದಾಕ?' ಅಂದೆ. ಬಾಯಿ ಮುಚ್ಚಿಕೊಂಡ ನಕ್ಕ. ಹೊರಗ ಬರಬೇಕಾದ್ದು ಒಳಗ ಹೋತು. ಕೆಮ್ಮಿದ. ಕಣ್ಣಾಗ ನೀರ ಬರೂವಂಗ ಕೆಮ್ಮಿದ. ಕೆಮ್ಮಕೋಂತನ ಮತ್ತ ನಕ್ಕ, 'ನಿನ್ನ ಹೆಣಾ ಎತ್ತಲಿ' ಅಂದ. ಮೂರನೇ ದಿನಾ ಅವನ ಹೆಣಾ ಎತ್ತಿದ್ವಿ. ಪೈಪಿಗೆ ಬಾಯಿ ಹಚ್ಚಬ್ಯಾಡ, ಇಂಜಿನ್ ಎಂಜಲ ಆಗತೈತಿ ಅಂತ ನೀ ಸಣ್ಣಂವ ಇದ್ದಾಗಿಂದ ಹೇಳಕೋಂತ ಬಂದೇನಿ. ಎಂಜಲಾ ಅಲ್ಲೋ ಯಪ್ಪಾ. ಇಂಜಿನ್ನಿಗೆ ಏನೂ ಆಗಂಗಿಲ್ಲ. ಆಗೂದು ಬಾಯಿ ಹಚ್ಚಿದಾಂವಗ."

ಹೊಳೆವ್ವ ಹೀಗೆ ಹೇಳಿದ್ದು ಹೋದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಟಿಕೋಟಾದ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು, ತನ್ನ ಒಬ್ಬನೇ ಮಗ ಸುಭಾಷನಿಗೆ. ನಾನು ಪಕ್ಕದಲ್ಲೇ ಇದ್ದೆ. ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಈ ಕಡೆ ನಾನು ಒಗ್ಗರಣೆ ಹಾಕಿದರೆ ಆ ಕಡೆ ಅವಳು ಸೀನುತ್ತಾಳೆ. ಅಂಥ ಗೋಡೆಯ ಆಚೆ ಇಪ್ಪತ್ತೆರಡು ವರ್ಷ ಈ ಮಾತು ಇತ್ತು, ನನ್ನ ಕಿವಿಗೆ ಬಿದ್ದಿರಲಿಲ್ಲ. ಬಿಡಿಸುತ್ತಿದ್ದ ಮೆಂತ್ಯೆ ಸೊಪ್ಪಿನ ಕಟ್ಟು ನನ್ನ ಕೈಯಲ್ಲಿ ಹಾಗೇ ಉಳಿಯಿತು.

ಹೊಳೆವ್ವ ಸಾರವಾಡದ ಹುಡುಗಿ. ತವರಿನಲ್ಲಿ ಎಮ್ಮೆ ಕಾಯುವುದು, ಹಾಲು ಹಿಂಡುವುದು, ಅಷ್ಟೇ ಗೊತ್ತಿತ್ತು. ಹದಿನೆಂಟಕ್ಕೆ ತಾಯಿಯ ತಮ್ಮ ಯಲಗೂರಪ್ಪನನ್ನೇ ಮದುವೆಯಾಗಿ ಟಿಕೋಟಾಕ್ಕೆ ಬಂದಳು. ಅವನು ಡೀಸೆಲ್ ಇಂಜಿನ್ ರಿಪೇರಿ ಮಾಡುತ್ತಿದ್ದ. ಬಾವಿಯ ಇಂಜಿನ್, ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಇಂಜಿನ್, ಎಲ್ಲ ಅವನ ಅಂಗಳಕ್ಕೇ ಬರುತ್ತಿದ್ದವು. ಆ ಸಪ್ಪಳದಲ್ಲಿ ಕೂತೂ ಕೂತೂ ಅವನ ಕಿವಿ ಮಂದವಾಗಿತ್ತು. ಅದಕ್ಕೇ ಇಂಜಿನ್ ಚಾಲೂ ಮಾಡಿ ಹೆಂಡತಿಯನ್ನು ಕೂಗುತ್ತಿದ್ದ: "ಬಾರ ಇಲ್ಲಿ, ಏನ ಅನ್ನಾಕತ್ತೈತಿ ಕೇಳಿ ಹೇಳು." ಅವಳು ಹಿಟ್ಟಿನ ಕೈಯಲ್ಲೇ ಬಂದು ಕಿವಿ ಇಟ್ಟು ಹೇಳುತ್ತಿದ್ದಳು: "ದಮ್ಮ ಹತ್ತಿದಂಗ ಐತಿ ಮಾವಾ, ಗಾಳಿ ಕುಡದೈತಿ." ಹಾಗೆ ಕೇಳುತ್ತಾ ಕೇಳುತ್ತಾ ಕಲಿತಳು. ನಟ್ಟು ಬಿಚ್ಚುವ ಪಾನಾದ ಮೇಲಿನ ಅಂಕಿಗಳಿಂದಲೇ ಅವಳಿಗೆ ಅಂಕಿ ಬಂದದ್ದು.

ಆಗ ಅವಳಂಥ ನಗೆಮಾತಿನವಳು ನಮ್ಮ ಓಣಿಯಲ್ಲಿ ಇರಲಿಲ್ಲ. ಎಂಥ ಸಿಟ್ಟಿನವರನ್ನೂ ನಗಿಸುತ್ತಿದ್ದಳು. ಗಂಡ ಸತ್ತ ಮೇಲೆ ಆ ಬಾಯಿ ನಿಂತಿತು. ಅದು ಸಹಜವೇ ಎಂದುಕೊಂಡೆವು. ಆದರೆ ಇನ್ನೊಂದು ಹೊಸ ಚಾಳಿ ಶುರುವಾಯಿತು. ಯಾರಾದರೂ ಬಾಯಲ್ಲಿ ತುತ್ತು ಇಟ್ಟುಕೊಂಡು ನಕ್ಕರೆ, ಚಹಾ ಕುಡಿಯುತ್ತಾ ನಕ್ಕರೆ, "ನುಂಗಿ ನಗು!" ಎಂದು ಚೀರುತ್ತಿದ್ದಳು. ಒಮ್ಮೆ ಬೀಗರ ಊಟದಲ್ಲಿ ಹಿರಿಯರೊಬ್ಬರಿಗೇ ಹಾಗೆ ಚೀರಿದ್ದಳು. ಹೊಳೆವ್ವನಿಗೆ ಯಾರು ನಕ್ಕರೂ ಆಗುವುದಿಲ್ಲ ಎಂದು ಹೆಂಗಸರು ಆಡಿಕೊಂಡರು. ನಾನೂ ಆಡಿಕೊಂಡವಳೇ.

ಯಲಗೂರಪ್ಪ ಸತ್ತು ಒಂದೂವರೆ ತಿಂಗಳಾಗಿರಬೇಕು. ಸುದ್ದಿ ತಿಳಿಯದ ಒಬ್ಬ ರೈತ ಎತ್ತಿನ ಗಾಡಿಯಲ್ಲಿ ಇಂಜಿನ್ ಹೇರಿಕೊಂಡು ಬಂದ. ತಿಳಿದ ಮೇಲೆ ತಲೆ ಮೇಲೆ ಕೈ ಇಟ್ಟುಕೊಂಡು ತಿರುಗಿ ಹೊರಟ. ಹೊಳೆವ್ವ ಒಳಗಿನಿಂದ ಬಂದು, "ಇಳಸ್ರಿ" ಎಂದಳು. "ನೀ ಏನ ಮಾಡ್ತಿ ತಂಗಿ? ಹೆಣ್ಣಮಕ್ಕಳು ಹ್ಯಾಂಡಲ್ ಹೊಡದ್ರ ಇಂಜಿನ್ ಉಲ್ಟಾ ತಿರಗತೈತಿ" ಎಂದು ಅವನು ಚೇಷ್ಟೆ ಮಾಡಿದ. ಅವಳು ಒಂದು ತಾಸು ಕೂತು ಬಿಚ್ಚಿದಳು, ತೊಳೆದಳು, ಕಟ್ಟಿದಳು. ಸೆರಗು ಬಿಗಿದು ಹ್ಯಾಂಡಲ್ ಹೊಡೆದಳು. ಮೂರನೆಯ ಸುತ್ತಿಗೆ ಇಂಜಿನ್ ಹಿಡಿಯಿತು. ಆ ರೈತ ಬಾಯಿ ತೆರೆದುಕೊಂಡು ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವತ್ತಿನಿಂದ ಆ ಅಂಗಳಕ್ಕೆ ಇಂಜಿನ್ ಬರುವುದು ನಿಂತಿಲ್ಲ.

ಅವಳದು ಒಂದೇ ಕಟ್ಟಳೆ. ಪೈಪಿಗೆ ಯಾರೂ ಬಾಯಿ ಹಚ್ಚಕೂಡದು. ಜಗ್ಗಬೇಕಾದಲ್ಲಿ ಹಿಚುಕಿ ಬಿಟ್ಟರೆ ಎಳೆಯುವ ಒಂದು ರಬ್ಬರ್ ಬುರುಡೆ ಇಟ್ಟಿದ್ದಳು, ಊದಬೇಕಾದಲ್ಲಿ ಸೈಕಲ್ ಪಂಪು. ಯಾಕೆ ಎಂದು ಕೇಳಿದರೆ, "ದಸರಾಕ್ಕ ಇಂಜಿನ್ನಿಗೆ ಪೂಜಿ ಮಾಡತೀರಿಲ್ಲೋ? ದೇವರಿಗೆ ಎಂಜಲಾ ಹಚ್ಚತೀರೇನು?" ಎನ್ನುತ್ತಿದ್ದಳು. ಹಳೆಯ ಜನ ತಲೆಯಾಡಿಸಿ ಒಪ್ಪಿದರು. ಹುಡುಗರು ಹಿಂದಿನಿಂದ ನಕ್ಕರು. ಹಾಗೆ ನಕ್ಕವರಲ್ಲಿ ಅವಳ ಹೊಟ್ಟೆಯಲ್ಲಿ ಹುಟ್ಟಿದ ಸುಭಾಷನೂ ಒಬ್ಬ.

ಸುಭಾಷ ಎರಡು ವರ್ಷದಿಂದ ವಿಜಯಪುರದಲ್ಲಿ ರಾಮಚಂದ್ರರಾಯರ ಗಾಡಿ ನಡೆಸುತ್ತಾನೆ. ರಾಯರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಅವರ ಮನೆ. ಆದರೆ ಆ ಮನೆಗಿಂತ ಗಾಡಿಯಲ್ಲೇ ಹೆಚ್ಚು ಇರುತ್ತಾರೆ. ಸಣ್ಣ ಬಸ್ಸಿನಷ್ಟು ದೊಡ್ಡದು. ಒಳಗೆ ಮಂಚ, ಗ್ಯಾಸ್ ಒಲೆ, ಕೈ ತೊಳೆಯುವ ತೊಟ್ಟಿ, ಎಸಿ ಎಲ್ಲ ಇವೆ. ಗಂಡ ಹೆಂಡತಿ ಅದರಲ್ಲೇ ಊರೂರು ತಿರುಗುತ್ತಾರೆ. ನಮ್ಮ ಓಣಿಯ ಜನ ಅದಕ್ಕೆ ಮನಿಗಾಡಿ ಎಂದು ಹೆಸರಿಟ್ಟಿದ್ದಾರೆ. ಎಸಿ ನಡೆಯಬೇಕಾದರೆ ಕರೆಂಟು ಬೇಕಲ್ಲ, ಅದಕ್ಕೆ ಗಾಡಿಯ ಹೊಟ್ಟೆಯ ಕೆಳಗೆ ಒಂದು ತಗಡಿನ ಪೆಟ್ಟಿಗೆಯಲ್ಲಿ ಬೇರೆಯೇ ಜನರೇಟರು ಕೂರಿಸಿದ್ದಾರೆ.

ಏಪ್ರಿಲ್ ತಿಂಗಳ ಆ ಮಧ್ಯಾಹ್ನ ಮನಿಗಾಡಿ ನಮ್ಮ ಓಣಿಗೆ ಬಂತು. ಬೆಳಿಗ್ಗೆ ಕಾಖಂಡಕಿಯ ನೆಂಟರ ಮನೆಗೆ ಹೋಗಿದ್ದರಂತೆ. ತಿರುಗಿ ಬರುವಾಗ ಸಾರವಾಡದ ಹತ್ತಿರ ಜನರೇಟರು ನಿಂತಿತು. ಮತ್ತೆ ಹಿಡಿಯಿತು, ಮತ್ತೆ ನಿಂತಿತು. ಬಬಲೇಶ್ವರದಲ್ಲಿ ಹೊಸ ಫಿಲ್ಟರ್ ಹಾಕಿಸಿದರು. ದಿಣ್ಣೆ ಏರುವಾಗ ಸ್ವಲ್ಪ ನಡೆಯಿತು, ಸಮ ರಸ್ತೆಗೆ ಬಂದಕೂಡಲೇ ಸತ್ತೇ ಹೋಯಿತು. ಬಿಸಿಲು ಕಾದ ಹಂಚಿನಂತಿತ್ತು. ರಾಯರ ಹೆಂಡತಿ ಸರಸ್ವತೀಬಾಯಿ ಕೆಂಪಾಗಿ ಬೆವೆತು ಕೆಳಗಿಳಿದು ನಮ್ಮ ಕಟ್ಟೆಯ ಮೇಲೆ ಕುಳಿತರು. "ನಮ್ಮವ್ವ ನೋಡತಾಳ್ರಿ, ಐದ ಮಿನಿಟಿನ ಕೆಲಸ" ಎಂದು ಸುಭಾಷನೇ ಅವರನ್ನು ಕರೆತಂದಿದ್ದ.

ರಾಯರು ಸೊಂಟದ ಮೇಲೆ ಕೈ ಇಟ್ಟು ಹೇಳಿದರು: "ನೋಡವಾ, ಗಾಡಿ ಛಂದ ಓಡ್ತದ. ಇರೂದು ಒಂದ ಟ್ಯಾಂಕು. ಗಾಡಿಗೆ ಡೀಸೆಲ್ ಸಿಗ್ತದ, ಜನರೇಟರಿಗೆ ಸಿಗೂದಿಲ್ಲ. ಇದೆಂಥಾ ಪಂಕ್ತಿಭೇದ ಅಂತೀನಿ!"

ಹೊಳೆವ್ವ ನಗಲಿಲ್ಲ. ಪೆಟ್ಟಿಗೆ ತೆರೆಸಿ, ಬಟನ್ ಒತ್ತಲು ಹೇಳಿ, ಕಣ್ಣು ಮುಚ್ಚಿ ಕೇಳಿದಳು. ಒಳಗೆ ಡೀಸೆಲ್ ಎಳೆಯುವ ಸಣ್ಣ ಪಂಪು ಟಕಟಕ ಎನ್ನುತ್ತಿತ್ತು.

"ಖಾಲಿ ಹೊಟ್ಟಿಲೆ ಬಡಕೊಳ್ಳಾಕತ್ತೈತಿ. ಡೀಸೆಲ್ ಬರಾಕತ್ತಿದ್ರ ಇಷ್ಟ ಲಗೂ ಬಡೀತಿದ್ದಿಲ್ಲ" ಎಂದಳು. ಫಿಲ್ಟರಿನ ತಲೆಯ ಮೇಲಿನ ಸಣ್ಣ ನಟ್ಟು ಸಡಿಲಿಸಿದಳು. ಎರಡು ಹನಿ ನೊರೆ ಬಂತು, ಆಮೇಲೆ ಬರೀ ಗಾಳಿ. "ಟ್ಯಾಂಕಿನ್ಯಾಗ ಎಷ್ಟೈತಿ?"

"ಮುಳ್ಳು ಕಾಲು ಭಾಗದ ಕೆಳಗ ಒಂದ ಕೂದಲ ಐತಿ ಬೇ. ಭಾಳ ಐತಿ" ಎಂದ ಸುಭಾಷ.

ಟ್ಯಾಂಕಿನಿಂದ ಬರುವ ಪೈಪನ್ನು ಬಿಚ್ಚಿ ಅವನ ಕೈಗೆ ಕೊಟ್ಟಳು. "ಹಿಡಕೊಂಡ ಕುಂದ್ರು. ಪಂಪ ತರತೇನಿ. ಏನೂ ಮಾಡಬ್ಯಾಡ" ಎಂದು ಹಿತ್ತಲಿಗೆ ಹೋದಳು. ಸರಸ್ವತೀಬಾಯಿ ನೀರು ಕೇಳಿದರೆಂದು ನಾನು ಒಳಗೆ ಹೋದೆ.

ತಂಬಿಗೆ ಹಿಡಿದು ಹೊಸ್ತಿಲಿಗೆ ಬಂದಾಗ ಕಂಡದ್ದು ಇದು. ಸುಭಾಷ ಮೊಳಕಾಲೂರಿ ಕೂತು ಪೈಪು ಬಾಯಲ್ಲಿಟ್ಟು ಜಗ್ಗುತ್ತಿದ್ದಾನೆ. ರಾಯರು ಅವನ ಮೇಲೆ ಬಗ್ಗಿ ನಿಂತಿದ್ದಾರೆ. "ಏನೋ ಸುಭಾಷ, ಎಳನೀರು ಕುಡದಂಗ ಕುಡೀಲಿಕ್ಕೆ ಹತ್ತೀಯಲ್ಲೋ! ನಮಗೂ ಒಂದೀಟು ಉಳಸಪ್ಪಾ!" ಎನ್ನುತ್ತಿದ್ದಾರೆ. ಪೈಪು ಬಾಯಲ್ಲಿದ್ದಂತೆಯೇ ಸುಭಾಷನ ಹೆಗಲು ನಗೆಯಿಂದ ಕುಲುಕುತ್ತಿದೆ.

ಹಿತ್ತಲ ಬಾಗಿಲಲ್ಲಿ ಸೈಕಲ್ ಪಂಪು ಕಲ್ಲಿನ ಮೇಲೆ ಬಿದ್ದ ಸಪ್ಪಳವಾಯಿತು. ಐವತ್ತು ದಾಟಿದ ಹೆಂಗಸು ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ಬಂದವಳೇ ಇಪ್ಪತ್ತಾರು ವರ್ಷದ ಮಗನ ಕಪಾಳಕ್ಕೆ ಬಾರಿಸಿದಳು. ಪೈಪು ಹಾರಿ ಬಿತ್ತು. ಅವನ ದವಡೆ ಎರಡೂ ಕೈಯಲ್ಲಿ ಹಿಡಿದು, "ಬಾಯಿ ತಗಿ! ಉಸಲ ಬಿಡು! ಬಿಡೋ!" ಎಂದು ಬಾಯಿಗೆ ಮೂಗು ಹಚ್ಚಿ ಮೂಸಿದಳು. ಮತ್ತೊಮ್ಮೆ ಮೂಸಿದಳು. "ಕೆಮ್ಮ ಬಂತೇನು? ಎದಿಯಾಗ ಉರಿ ಐತೇನು? ಎಷ್ಟ ಹೋತು?"

"ಏನೂ ಹೋಗಿಲ್ಲ ಬೇ! ಮೂರು ಸಲ ಜಗ್ಗೇನಿ, ಒಂದ ಹನಿ ಸೈತ ಬಂದಿಲ್ಲ. ಬರೇ ಗಾಳಿ!" ಎಂದ ಅವನು, ಕಪಾಳ ಹಿಡಿದುಕೊಂಡು.

ಹೊಳೆವ್ವ ಬೆರಳಿನಿಂದ ಅವನ ತುಟಿ ಒರೆಸಿ ನೋಡಿದಳು. ಒಣಗಿತ್ತು. ಅಲ್ಲೇ ನೆಲಕ್ಕೆ ಕುಳಿತಳು.

ಮೊದಲು ಬಾಯಿ ಬಿಟ್ಟವರು ರಾಯರು. "ಏನವಾ ಇದು! ಇಷ್ಟ ದೊಡ್ಡ ಮಗನ್ನ ನಾಲ್ಕು ಮಂದ್ಯಾಗ ಹಿಂಗ ಹೊಡೀತಾರೇನು?"

"ಆಕಿದು ಹಳೇದ್ರೀ ಸಾಹೇಬ್ರ" ಎಂದ ಸುಭಾಷ, ಅಳುವ ಹಾಗಿನ ನಗೆಯಲ್ಲಿ. "ಬಾಯಿ ಹಚ್ಚಿದ್ರ ಇಂಜಿನ್ ಎಂಜಲ ಆಗತೈತಂತ. ಮಡಿ ಇಂಜಿನ್ನು!"

ಆ ಮಾತು ಹೊಳೆವ್ವನ ಮುಖಕ್ಕೆ ಬಿದ್ದದ್ದನ್ನು ನಾನು ನೋಡಿದೆ. ಅವಳು ಹೊಡೆದದ್ದಕ್ಕಿಂತ ಹೆಚ್ಚು ಪೆಟ್ಟು ಅವಳಿಗೇ ಬಿತ್ತು. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಆಮೇಲೆ ಮಗನನ್ನು ಕೇಳಿದಳು: "ಮೂರು ಸಲ ಜಗ್ಗಿದ್ರೂ ಬರಲಿಲ್ಲ? ಬಿಗಿ ಹತ್ತಿತ್ತೋ, ಸಲೀಸ ಬರತಿತ್ತೋ ಗಾಳಿ?"

"ಸಲೀಸ."

ಎದ್ದು ಹೋಗಿ ಬಿದ್ದ ಪಂಪನ್ನು ತಂದಳು. ಅದರ ಬಾಯಿಯನ್ನು ಪೈಪಿಗೆ ಸಿಕ್ಕಿಸಿ, "ಊದು" ಎಂದು ಮಗನ ಕೈಗೆ ಕೊಟ್ಟಳು. ತಾನು ಕೌದಿ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿ ಟ್ಯಾಂಕಿಗೆ ಕಿವಿ ಹಚ್ಚಿದಳು. ಸುಭಾಷ ಊದಿದ. ಅವಳು ಕೈ ಎತ್ತಿ ನಿಲ್ಲಿಸಿದಳು, ಮತ್ತೆ ಊದಲು ಹೇಳಿದಳು. ಹೊರಗೆ ಬಂದಾಗ ಬೆನ್ನ ತುಂಬ ಮಣ್ಣು.

"ಕಸಾ ಕಟ್ಟಿದ್ರ ಗಾಳಿ ಹೋಗತಿದ್ದಿಲ್ಲ. ಪೈಪ ಒಡದಿದ್ರ ಹೊರಗ ಸುಯ್ಯ ಅಂತಿತ್ತು. ಡೀಸೆಲ್‌ದಾಗ ಮುಳಗಿದ್ರ ಗುಳುಗುಳು ಅನಬೇಕು. ಯಾವದೂ ಇಲ್ಲ. ಒಳಗ ಬರೇ ಗಾಳಿ ಬೀಸಿದಂಗ ಕೇಳತೈತಿ. ಈ ಪೈಪ ಗಿಡ್ಡ ಐತಿ, ಡೀಸೆಲ್ ಮುಟ್ಟೇ ಇಲ್ಲ."

"ಗಿಡ್ಡ ಅಂದ್ರ? ಕಟ್ಟಿದಾಂವ ಮೋಸಾ ಮಾಡ್ಯಾನೇನು?" ಎಂದರು ರಾಯರು.

"ಮೋಸಾ ಅಲ್ರಿ ಯಪ್ಪಾ. ಎಮ್ಮಿ ಹಿಂಡಾಗ ನಾವು ಮೂರು ಮೊಲಿ ಹಿಂಡಿ ಒಂದ ಕರಕ್ಕ ಬಿಡತೀವಿ. ಬಿಡದಿದ್ರ ಕರಾ ಸಾಯತೈತಿ. ಹಂಗ ಇದು. ನೀವು ಎಲ್ಲೋ ಅಡವ್ಯಾಗ ಗಾಡಿ ನಿಂದ್ರಿಸಿ ಎಸಿ ಹಚ್ಚಿ ಮಲಗತೀರಿ. ಜನರೇಟರು ಟ್ಯಾಂಕ ಪೂರಾ ಕುಡದ್ರ ಮುಂಜಾನೆ ಗಾಡಿ ಹೆಂಗ ಎಳೀಬೇಕು? ಅದಕ್ಕ ಗಾಡಿ ಪಾಲು ಕೆಳಗ ಬಿಟ್ಟು ಜನರೇಟರಿನ ಪೈಪ ಮ್ಯಾಲ ಕತ್ತರಿಸ್ಯಾರ. ಕಾಲು ಭಾಗಕ್ಕಿಂತ ಇಳದ್ರ ಇದಕ್ಕ ಸಿಗಂಗಿಲ್ಲ. ದಿಣ್ಣಿ ಏರಾಗ ಡೀಸೆಲ್ ಒಂದ ಕಡೆ ಸರಿದು ಪೈಪಿಗೆ ಮುಟ್ಟೇತಿ, ಅದಕ್ಕ ಅಲ್ಲಿಷ್ಟು ನಡದೈತಿ."

ರಾಯರು ನಂಬಲಿಲ್ಲ. ಗಾಡಿಯೊಳಗೆ ಹೋಗಿ ಖಾನೆಯಿಂದ ಒಂದು ಪುಸ್ತಕ ತಂದು ಕನ್ನಡಕ ಏರಿಸಿ ಪುಟ ತಿರುವಿದರು. ತಿರುವುತ್ತಾ ತಿರುವುತ್ತಾ ಒಂದು ಕಡೆ ಅವರ ಬೆರಳು ನಿಂತಿತು.

"ಅಯ್ಯ ಶಿವನ... ಬರದಾರಲ್ಲ! ಹಿಂಗ ಅಂತನ ಬರದಾರ. ಎರಡ ವರ್ಷದಿಂದ ಈ ಪುಸ್ತಕ ನನ್ನ ಹತ್ರನ ಅದ!"

"ಓದೂದು ಬಿಟ್ಟು ಎಲ್ಲಾ ಮಾಡ್ಯಾರ" ಎಂದರು ಕಟ್ಟೆಯ ಮೇಲಿನಿಂದ ಸರಸ್ವತೀಬಾಯಿ. "ಅಕಿ ಓದದ ಹೇಳಿದಳು, ನೀವು ಓದಿ ಬಾಯಿ ತಗದೀರಿ."

ಪಕ್ಕದ ತೋಟದವರ ಮನೆಯಿಂದ ಒಂದು ಕ್ಯಾನು ಡೀಸೆಲ್ ತಂದು ಸುಭಾಷ ಟ್ಯಾಂಕಿಗೆ ಹಾಕಿದ. ಹೊಳೆವ್ವ ಪೈಪು ಜೋಡಿಸಿದಳು. ಫಿಲ್ಟರಿನ ನಟ್ಟು ಸಡಿಲಿಸಿ, ನೊರೆ ಹೋಗಿ ಡೀಸೆಲ್ ಸ್ವಚ್ಛ ಬರುವ ತನಕ ಬಿಟ್ಟು ಬಿಗಿದಳು. ಬಟನ್ ಒತ್ತಿದರು. ಪಂಪಿನ ಸಪ್ಪಳ ಟಕಟಕ ಇದ್ದದ್ದು ಟಕ್, ಟಕ್ ಎಂದು ಭಾರವಾಯಿತು. ಜನರೇಟರು ಹಿಡಿಯಿತು. ಗಂಡ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ತಂಪಿಗೆ ಮಲಗಿದರು. ತಮ್ಮ ಎಳನೀರಿನ ಮಾತು ಆ ಅಂಗಳದಲ್ಲಿ ಏನು ಮಾಡಿತು ಎಂದು ಆ ಹಿರಿಯರಿಗೆ ಇವತ್ತಿಗೂ ಗೊತ್ತಿಲ್ಲ.

ಸುಭಾಷ ಕೈ ಒರೆಸಿಕೊಳ್ಳುತ್ತಾ ಬಂದು ಕಟ್ಟೆಗೆ ಕುಳಿತ. "ಹೊಡಿಯೂದ ಹೊಡದಿ, ಇನ್ನ ಇಂಜಿನ್ನಿಗೆ ಗೋಮೂತ್ರ ಸಿಂಪಡಸ್ತೀಯೇನು ಬೇ?" ಎಂದು ಕೆಣಕಿದ. ನಾಳೆ ಇನ್ನೆಲ್ಲೋ ಗಾಡಿ ನಿಂತರೆ ಇವನು ಮತ್ತೆ ಬಾಯಿ ಹಚ್ಚುವವನೇ ಎಂಬುದು ಆ ನಗೆಯಲ್ಲೇ ಕಾಣುತ್ತಿತ್ತು. ಅವಳಿಗೂ ಕಂಡಿರಬೇಕು. ಆಗ ಅವಳು ಬಾಯಿ ಬಿಟ್ಟಳು. ಮೊದಲಲ್ಲೇ ಬರೆದ ಮಾತುಗಳನ್ನು, ಶಹನಾಯಿಯಿಂದ ಹಿಡಿದು ಹೆಣ ಎತ್ತಿದವರೆಗೆ, ಒಂದೇ ಉಸುರಿನಲ್ಲಿ ಹೇಳಿ ಮುಗಿಸಿದಳು.

ಸುಭಾಷನ ನಗೆ ಯಾವಾಗ ಹೋಯಿತೋ ತಿಳಿಯಲಿಲ್ಲ. ತಿರುಗಿ ತಿರುಗಿ ತುಟಿ ಒರೆಸಿಕೊಳ್ಳುತ್ತಿದ್ದ. "ಡಾಕ್ಟರ್ ಏನಂದ್ರು ಬೇ?" ಎಂದ.

"ಮರುದಿನಾ ವಿಜಾಪುರಕ್ಕ ಒಯ್ದೆ. ಹೊಟ್ಟಿಗೆ ಹೋಗಿದ್ರ ಉಳೀತಿದ್ದ, ಪುಪ್ಪುಸಕ್ಕ ಹೋಗೇತಿ ಅಂದ್ರು. ಮೊದಲ ಕೆಮ್ಮಿದಾಗ ಒಂದೀಟ ಹೋಗಿತ್ತಂತ. ವಾಂತಿ ಮಾಡಸಬಾರದಿತ್ತು, ಅದರಾಗ ಮತ್ತ..."

ಅಲ್ಲಿಗೇ ನಾಲಗೆ ಕಚ್ಚಿಕೊಂಡಳು. ಕಚ್ಚಿಕೊಂಡು ನನ್ನ ಕಡೆ ನೋಡಿದಳು.

ನೋಡಬಾರದಿತ್ತು. ನೋಡಿದ್ದರಿಂದಲೇ ನನಗೆ ಎಲ್ಲ ನೆನಪಾಯಿತು. ಇಪ್ಪತ್ತೆರಡು ವರ್ಷದ ಹಿಂದೆ ಗೋಡೆಯಾಚೆ ಕೆಮ್ಮು ಕೇಳಿ ಓಡಿ ಬಂದಿದ್ದೆ. "ಏನಾತ?" ಎಂದು ಕೇಳಿದಾಗ ಹೊಳೆವ್ವ, "ತಿಂದದ್ದು ಹತ್ತಿಲ್ಲಕ್ಕಾ, ಹೊಟ್ಟಿ ತೊಳಸಾಕತ್ತೈತಿ" ಎಂದಿದ್ದಳು. ಡೀಸೆಲ್ ವಾಸನೆ ಯಲಗೂರಪ್ಪನ ಮೈಯಿಂದ ಯಾವತ್ತೂ ಬರುತ್ತಿತ್ತು, ನಾನು ಬೇರೆ ಏನೂ ಎಣಿಸಲಿಲ್ಲ. ಹೊಟ್ಟೆ ತೊಳಸಿದರೆ ಎಲ್ಲರೂ ಮಾಡುವುದನ್ನೇ ಮಾಡಿದೆ. ತಂಬಿಗೆ ತುಂಬ ಉಪ್ಪಿನ ನೀರು ಕಲಸಿ ತಂದು ನಾನೇ ಕುಡಿಸಿದೆ. ನಾನೇ ಬೆನ್ನು ನೀವಿ ವಾಂತಿ ಮಾಡಿಸಿದೆ.

"ಹೊಳೆವ್ವಾ," ಎಂದೆ. "ಯಾರು ವಾಂತಿ ಮಾಡಿಸಿದ್ದಂತ ಡಾಕ್ಟರ್ ಕೇಳಲಿಲ್ಲೇನು?"

"ಕೇಳಿದ್ರು."

"ಏನ ಹೇಳಿದಿ?"

"ನಾನ ಅಂದೆ."

ಎಂಜಲಿನ ಕಟ್ಟಳೆ ಯಾಕೆ ಹುಟ್ಟಿತು ಎಂದು ಆಗ ತಿಳಿಯಿತು. ಖರೆ ಹೇಳಿದ್ದರೆ ಮಾತು ಶಹನಾಯಿಗೆ ನಿಲ್ಲುತ್ತಿರಲಿಲ್ಲ, ತಂಬಿಗೆಯ ತನಕ ಬರುತ್ತಿತ್ತು, ಗೋಡೆಯ ಈ ಕಡೆ ಬರುತ್ತಿತ್ತು. ನನಗೆ ಗೊತ್ತಾಗಬಾರದೆಂದು ಇಪ್ಪತ್ತೆರಡು ವರ್ಷ ಇಂಜಿನ್ನಿಗೆ ಮಡಿ ಉಡಿಸಿದ್ದಳು. ಅದನ್ನು ಮಗ ನಂಬಲಿಲ್ಲ, ಇವತ್ತು ಬಾಯಿ ಹಚ್ಚಿದ. ಟ್ಯಾಂಕಿನಲ್ಲಿ ಇನ್ನೊಂದೆರಡು ಬೆರಳು ಡೀಸೆಲ್ ಹೆಚ್ಚಿದ್ದರೆ?

"ನನಗ ಹೇಳಬೇಕಿತ್ತಲ್ಲಬೇ..." ಎಂದೆ.

"ಹೇಳಿ ಏನ ಮಾಡೂದಿತ್ತಕ್ಕಾ? ನೀ ಕೇಳಿದಾಗ, ನಗಿಸಿದಾಕಿ ನಾನ ಅಂತ ಹೇಳಾಕ ಅಂಜಿ ಸುಳ್ಳ ಹೇಳಿದೆ. ನೀ ನನ್ನ ಮಾತ ನಂಬಿ ತಂದಿ." ಮಗನ ಕಡೆ ತಿರುಗಿದಳು. "ಇನ್ನ ಹಚ್ಚತೀಯೇನು?"

"ಇಲ್ಲ ಬೇ" ಎಂದ ಸುಭಾಷ. ಅವ್ವನ ರಬ್ಬರ್ ಬುರುಡೆ ಹುಡುಕಿ ತಂದು ಧೂಳು ಒರೆಸಿ, ಮನಿಗಾಡಿಯ ಪೆಟ್ಟಿಗೆಯಲ್ಲಿ ಪಾನಾಗಳ ಪಕ್ಕ ಇಟ್ಟ. ಆಮೇಲೆ ಗಾಡಿಯ ಹಿಂದೆ ಹೋಗಿ ನಿಂತ. ಅಲ್ಲಿ ಏನು ಮಾಡುತ್ತಿದ್ದಾನೆಂದು ನಾವಿಬ್ಬರೂ ನೋಡಲು ಹೋಗಲಿಲ್ಲ.

ಹಿತ್ತಲಲ್ಲಿ ಎಮ್ಮೆ ಕೂಗಿತು. "ಹೊತ್ತಾತು" ಎಂದು ಹೊಳೆವ್ವ ಎದ್ದಳು. ಡೀಸೆಲ್ ವಾಸನೆ ಬಂದರೆ ಎಮ್ಮೆ ಹಾಲು ಬಿಡುವುದಿಲ್ಲ. ಸಾಬೂನು ಹಚ್ಚಿ ಕೈ ತೊಳೆದಳು, ಮೂಸಿ ನೋಡಿ ಬೂದಿ ಹಚ್ಚಿ ಮತ್ತೊಮ್ಮೆ ತೊಳೆದಳು. ನಾನು ನನ್ನ ಮನೆಗೆ ಹೋಗಬೇಕಿತ್ತು. ಕಾಲುಗಳು ಹಿತ್ತಲಿಗೆ ನಡೆದವು. ಕರುವಿನ ಹಗ್ಗ ಬಿಚ್ಚಿ ತಂದೆ. ಅದು ತಾಯಿಯ ಕೆಚ್ಚಲಿಗೆ ಎರಡು ಸಲ ಗುದ್ದಿ ಬಾಯಿ ಹಾಕಿತು. ಹಾಲು ಇಳಿದ ಮೇಲೆ ಅದನ್ನು ಎಳೆದು ಬದಿಗೆ ಹಿಡಿದುಕೊಂಡು ನಿಂತೆ. ಹೊಳೆವ್ವ ಚರಿಗೆಯನ್ನು ಮೊಳಕಾಲ ನಡುವೆ ಇಟ್ಟುಕೊಂಡು ಹಿಂಡತೊಡಗಿದಳು. ಒಂದು ಮೊಲೆ, ಎರಡು, ಮೂರು. ಚರಿಗೆಯಲ್ಲಿ ನೊರೆ ಏರಿತು. ಅವಳು ಚರಿಗೆ ಎತ್ತಿಕೊಂಡು ಸರಿದು ಕುಳಿತಳು.

"ಬಿಡಕ್ಕಾ" ಎಂದಳು.

ನಾನು ಹಗ್ಗ ಬಿಟ್ಟೆ.